ಥೀಟಾ, ಸಿಗ್ಮಾ ಮತ್ತು ಬಿಸಿಲಲ್ಲಿ ಬಂದ ಹಳ್ಳ

ಸುವೈಕ್ ದಾಟಿದ ಮೇಲೆ

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಹುಡುಗ ಹುಡುಗಿಯರ ಫೋನುಗಳನ್ನೆಲ್ಲ ಬಾಸ್ಮತಿ ಅಕ್ಕಿಯ ಖಾಲಿ ಚೀಲವೊಂದಕ್ಕೆ ತುಂಬಿ, ಜಿಪ್ ಎಳೆದು, ಕಾರಿನ ಡಿಕ್ಕಿಯಲ್ಲಿ ಹಾಕಿ ಬೀಗ ಜಡಿದರು. ಗಂಟೆ ನೆನಪಿರುವುದಕ್ಕೆ ಕಾರಣವಿದೆ. ನಾನು ಅದೇ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದೆ. ಇಷ್ಟು ಹೊತ್ತಿಗೆ ಮಸ್ಕತ್ತಿಗೆ ವಾಪಸು ಹೊರಡಬೇಕಿತ್ತಲ್ಲ ಎಂದು ಗಡಿಯಾರ ನೋಡಿದ್ದೆ. ಅಷ್ಟರಲ್ಲಿ ಹಿಂದೆ ಡಿಕ್ಕಿ ದಪ್ಪೆಂದು ಮುಚ್ಚಿತು. ಎಲ್ಲ ಕೆಟ್ಟದ್ದೂ ಆ ಸದ್ದಿನಿಂದ ಶುರುವಾಯಿತು.

ಒಮಾನಿಗೆ ಹೋಗಿ ಬಂದವಳು ಏನಾದರೂ ಬರಿ ಎಂದು ಕಾಲೇಜಿನ ಗೆಳತಿಯರು ಬೆನ್ನು ಹತ್ತಿದ್ದಾರೆ. ಕೋಟೆ ಬಗ್ಗೆ ಬರಿ, ಕಡಲ ಬಗ್ಗೆ ಬರಿ ಅನ್ನುತ್ತಾರೆ. ಬರೆಯಲು ಕೂತಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ. ಆದ್ದರಿಂದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದುವವರು ಹೊಂದಿಸಿಕೊಳ್ಳಬೇಕು.

ಅಲ್ ಅಜೈಬಾ, ಅಕ್ಕನ ಮನೆ

ಅಕ್ಕ ಗಿರಿಜಾ ಮದುವೆಯಾಗಿ ಮಸ್ಕತ್ತಿಗೆ ಹೋದಾಗ ನಾನಿನ್ನೂ ನವಲಗುಂದದಲ್ಲಿ ಹೈಸ್ಕೂಲು ಓದುತ್ತಿದ್ದೆ. ಭಾವ ಒಂದು ಕಂಪನಿಯಲ್ಲಿ ಎಂಜಿನಿಯರು. ಅವರ ಒಬ್ಬಳೇ ಮಗಳು ಅಪೂರ್ವಾ ಹುಟ್ಟಿದ್ದೂ ಬೆಳೆದದ್ದೂ ಅಲ್ಲೇ. ನಮ್ಮ ಭಾಷೆ ಚೆನ್ನಾಗಿ ತಿಳಿಯುತ್ತದೆ, ಅಪ್ಪ ಅಮ್ಮನ ಜೊತೆ ಜಗಳವಾಡುವಾಗ ಮಾತ್ರ ಇಂಗ್ಲಿಷ್. ಅವಳು ಕಾಲೇಜು ಸೇರಿದ ವರ್ಷ, ನನಗೂ ರಜೆ ಇತ್ತು, ಹೋದೆ. ಧಾರವಾಡದ ಡಿಗ್ರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವವಳಿಗೆ ಬೇರೆ ದೇಶದ ಕ್ಯಾಂಪಸ್ಸುಗಳನ್ನು ನೋಡುವ ಚಪಲ ಸಹಜವೇ.

ಅಲ್ಲಿ ಎರಡು ದೊಡ್ಡ ಖಾಸಗಿ ಯೂನಿವರ್ಸಿಟಿಗಳಿವೆ ಎಂದುಕೊಳ್ಳಿ. ಹೆಸರು ಹೇಳುವುದಿಲ್ಲ. ಒಂದನ್ನು ಗುಡ್ಡದ ಯೂನಿವರ್ಸಿಟಿ ಅನ್ನುತ್ತೇನೆ, ಇನ್ನೊಂದನ್ನು ಕಡಲ ಯೂನಿವರ್ಸಿಟಿ. ಅಪೂರ್ವಾ ಗುಡ್ಡದ್ದಕ್ಕೆ ಸೇರಿದ್ದಳು. ಎರಡರ ನಡುವೆ ಹಳೇ ಹಗೆ. ಫುಟ್ಬಾಲಿನಲ್ಲಿ, ಚರ್ಚಾಸ್ಪರ್ಧೆಯಲ್ಲಿ, ಕೊನೆಗೆ ಯಾರ ಕ್ಯಾಂಟೀನಿನ ಶವರ್ಮಾ ದೊಡ್ಡದು ಅನ್ನುವುದರಲ್ಲೂ. ಹಗೆಯಿಲ್ಲದ ಕಾಲೇಜು ಎಲ್ಲಿದೆ? ನಮ್ಮ ಕಾಲದಲ್ಲಿ ಆರ್ಟ್ಸಿನವರಿಗೂ ಸೈನ್ಸಿನವರಿಗೂ ಒಂದೇ ನಲ್ಲಿ ನೀರು ಆಗುತ್ತಿರಲಿಲ್ಲ.

ನಾನು ಇಳಿದ ದಿನವೇ ಊಟದ ಮನೆಯಲ್ಲಿ ಥೀಟಾ ಎಂಬ ಶಬ್ದ ಕೇಳಿದೆ.

"ಥೀಟಾ ಅಂದ್ರ ನಾವು ಕೋನ ಅಳೀತಿದ್ವಿ," ಎಂದರು ಭಾವ, ರೊಟ್ಟಿ ಮುರಿಯುತ್ತ. "ಇವರೇನ್ ಅಳೀತಾರ ಕೇಳವಾ ನಿನ್ನ ಅಕ್ಕನ ಮಗಳಿಗೆ."

"ಪಪ್ಪಾ, ಪ್ಲೀಸ್."

"ಪ್ಲೀಸ್ ಅಂದ್ರ ಏನು, ಸೈನ್ ಥೀಟಾನೋ ಕಾಸ್ ಥೀಟಾನೋ?"

ಅಪೂರ್ವಾ ತಟ್ಟೆ ಬಿಟ್ಟು ಎದ್ದಳು. ಆಮೇಲೆ ತನ್ನ ಕೋಣೆಯಲ್ಲಿ ನನಗೆ ಬಿಡಿಸಿ ಹೇಳಿದಳು. ಅಮೆರಿಕದ ಯೂನಿವರ್ಸಿಟಿಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಕೂಟಗಳಿರುತ್ತವಂತೆ. ಒಳಗೆ ಸೇರಿದವರು ಅಣ್ಣತಮ್ಮ, ಅಕ್ಕತಂಗಿ. ಸೇರುವ ಮೊದಲು ಪರೀಕ್ಷೆ, ಸೇರಿದ ಮೇಲೆ ಆಣೆ. ಒಂದು ವರ್ಷ ಅಲ್ಲಿ ಓದಿ ಬಂದ ಯಾರೋ ಹುಡುಗರು ಇಲ್ಲೂ ಅದನ್ನು ಶುರು ಮಾಡಿದ್ದರು. ಗುಡ್ಡದವರದು ಥೀಟಾ. ಅದನ್ನು ನೋಡಿ ಹೊಟ್ಟೆಕಿಚ್ಚಿನಿಂದ ಕಡಲಿನವರು ಕಟ್ಟಿಕೊಂಡದ್ದು ಸಿಗ್ಮಾ. ಯಾವುದಕ್ಕೂ ಯೂನಿವರ್ಸಿಟಿಯ ಅನುಮತಿಯಿಲ್ಲ, ಸರ್ಕಾರದ್ದಂತೂ ಇಲ್ಲವೇ ಇಲ್ಲ. ಇರುವವರೆಲ್ಲ ನಮ್ಮಂಥ ಹೊರಗಿನವರ ಮಕ್ಕಳು.

"ನಿನಗ ಯಾಕವಾ ಇದು?" ಎಂದೆ.

"ಮೌಶಿ, ಇಲ್ಲಿ ಫ್ರೆಂಡ್ಸ್ ಅಂದ್ರ ಅವರಪ್ಪನ ವೀಸಾ ಇರೋ ತನಕಾ ಅಷ್ಟಽ. ನನ್ನ ಸ್ಕೂಲಿನ ಫ್ರೆಂಡ್ಸ್ ಒಬ್ಬರೂ ಈಗಿಲ್ಲ. ಥೀಟಾ ಫಾರೆವರ್."

ನಾನು ನಕ್ಕೆ, ಅವಳು ನಗಲಿಲ್ಲ.

ಗುಡ್ಡದ ಯೂನಿವರ್ಸಿಟಿ

ಮರುದಿನ ಅವಳ ಜೊತೆ ಕ್ಯಾಂಪಸ್ಸಿಗೆ ಹೋದೆ. ಬೋಳುಗುಡ್ಡಗಳ ಬುಡದಲ್ಲಿ ಬಿಳೀ ಕಟ್ಟಡಗಳು, ನಡುವೆ ನೀರು ಕುಡಿಸಿ ಕುಡಿಸಿ ಉಳಿಸಿಕೊಂಡ ಹಸಿರು. ಕ್ಲಾಸಿಗೆ ಹೋಗಲು ಹುಡುಗರಿಗೊಂದು ಬಾಗಿಲು, ಹುಡುಗಿಯರಿಗೊಂದು. ಬಾಗಿಲು ಎರಡಿದ್ದರೂ ಕೋಣೆ ಒಂದೇ. ಕರಿ ಅಬಾಯಾದ ಹುಡುಗಿಯರು ಮುಂದೆ, ಬಿಳೀ ದಿಶ್‌ದಾಶಾ ನಿಲುವಂಗಿಯ ಹುಡುಗರು ಹಿಂದೆ, ಮೇಷ್ಟರ ಮಾತಿಗೆ ಮಾತ್ರ ಇಬ್ಬರೂ ಒಂದೇ ಹೊತ್ತಿಗೆ ಆಕಳಿಸುತ್ತಾರೆ. ಅದರಲ್ಲಿ ಧಾರವಾಡಕ್ಕೂ ಒಮಾನಿಗೂ ವ್ಯತ್ಯಾಸ ಕಾಣಲಿಲ್ಲ.

ಇಲ್ಲಿಯ ಸಾಮಾಜಿಕ ಜೀವನವೆಲ್ಲ ಬಸ್ಸಿನಲ್ಲಿ. ಸಂಜೆ ನಾಲ್ಕಾದರೆ ಸಾಲುಗಟ್ಟಿದ ಬಸ್ಸುಗಳು ಹುಡುಗಿಯರನ್ನು ತುಂಬಿಕೊಂಡು ಊರೂರಿಗೆ ಹೊರಡುತ್ತವೆ. ಕ್ಯಾಂಪಸ್ಸು ಬಿಕೋ ಅನ್ನುತ್ತದೆ. ಮದುವೆ ಮಾತು, ನೋಟ್ಸು, ಜಗಳ, ರಾಜಿ ಎಲ್ಲ ಆ ಬಸ್ಸಿನೊಳಗೇ ನಡೆದುಹೋಗುತ್ತವಂತೆ.

ಹೇಳಿದವಳು ಅಪೂರ್ವಾಳ ಸಹಪಾಠಿ ಮರ್ಯಮ್. ಒಮಾನಿ ಹುಡುಗಿ, ಹಿಂದಿ ಸಿನಿಮಾ ನೋಡಿ ನೋಡಿ ನನಗಿಂತ ಚೆನ್ನಾಗಿ ಹಿಂದಿ ಕಲಿತವಳು. ತನ್ನ ಮನೆಗೆ ಕರೆದಳು. ಖರ್ಜೂರ, ಹಲ್ವಾ ಇಟ್ಟು ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಕಾಫಿ ಕೊಟ್ಟರು. ಕುಡಿದೆ. ಅವಳ ತಾಯಿ ಮತ್ತೆ ಹಾಕಿದರು. ಬೇಡ ಅನ್ನುವುದು ಹೇಗೆಂದು ಕುಡಿದೆ, ಮತ್ತೆ ಹಾಕಿದರು. ಹೊಟ್ಟೆಯಲ್ಲಿ ಕಾಫಿ ಕುಲುಕಾಡತೊಡಗಿದ ಮೇಲೆ ಮರ್ಯಮ್ ನಗು ತಡೆಯಲಾರದೆ, ಬಟ್ಟಲನ್ನು ಕೈಯಲ್ಲಿ ಹೀಗೆ ಅಲುಗಾಡಿಸಿ ಕೊಟ್ಟರೆ ಸಾಕೆಂದು ಅರ್ಥ ಎಂದು ತೋರಿಸಿಕೊಟ್ಟಳು. ನಮ್ಮಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ.

ಅಲ್ಲೇ ಥೀಟಾದ ಮಾತು ಬಂತು. ಮರ್ಯಮ್ ಕೇಳಿದಳು, "ಆಂಟಿ, ನನಗೆ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೇ ಅರವತ್ತಕ್ಕೂ ಮಿಕ್ಕಿ ಇದ್ದಾರೆ. ಇರುವ ಅಣ್ಣಂದಿರಿಂದ ತಪ್ಪಿಸಿಕೊಳ್ಳುವುದೇ ಕಷ್ಟ. ಇವರು ಪರೀಕ್ಷೆ ಬರೆದು ಅಣ್ಣಂದಿರನ್ನು ತರುತ್ತಾರೆ. ಯಾಕೆ?"

ನಾವು ಮೂವರೂ ನಕ್ಕೆವು. ಅಪೂರ್ವಾ ಸ್ವಲ್ಪ ಕಡಿಮೆ ನಕ್ಕಳು.

ಕಡಲ ಯೂನಿವರ್ಸಿಟಿ

ಕಡಲಿನದು ಬೇರೆಯೇ ಲೋಕ. ಇಲ್ಲಿ ಸಂಜೆ ಕ್ಯಾಂಪಸ್ಸು ಖಾಲಿಯಾಗುವುದಿಲ್ಲ, ತುಂಬುತ್ತದೆ. ಹುಡುಗರು ಕಾರಿನ ಇಂಜಿನ್ ಆರಿಸದೆ, ಏಸಿ ಹಾಕಿಕೊಂಡು, ಕಾರಿನೊಳಗೇ ಕೂತು ಹರಟುತ್ತಾರೆ. ಗೇಟಿನ ಎದುರು ಕೇರಳದವರ ಚಹಾದಂಗಡಿ. ಯಾರೂ ಇಳಿದು ಹೋಗುವುದಿಲ್ಲ. ಹಾರ್ನ್ ಹೊಡೆಯುತ್ತಾರೆ, ಒಳಗಿಂದ ಒಬ್ಬ ಓಡಿ ಬಂದು ಕೇಳಿಕೊಂಡು ಹೋಗುತ್ತಾನೆ, ಕಾಗದದ ಕಪ್ಪಿನಲ್ಲಿ ಕರಕ್ ಚಹಾ ಕಿಟಕಿಗೇ ಬರುತ್ತದೆ. ನಮ್ಮೂರಿನಲ್ಲಿ ಚಹಾದಂಗಡಿ ಎದುರು ಹಾರ್ನ್ ಹೊಡೆದು ನೋಡಿ. ಚಹಾ ಬರುವುದಿಲ್ಲ, ಬೇರೆ ಏನಾದರೂ ಬರುತ್ತದೆ.

ಒಂದು ಚಹಾ ಇಬ್ಬರು ಹಂಚಿಕೊಂಡು ಕಟ್ಟೆಯ ಮೇಲೆ ಎರಡು ತಾಸು ಕೂರುವ ನಮ್ಮ ಹುಡುಗರಿಗೆ ಲೋಕ ಎದುರಿಗೇ ಕಾಣುತ್ತದೆ. ಯಾರು ಬಂದರು, ಯಾರು ಅತ್ತುಕೊಂಡು ಹೋದರು, ಎಲ್ಲ. ಇವರಿಗೆ ಕಾಣುವುದು ಮುಂದಿನ ಕಾರಿನ ನಂಬರು. ಗುಡ್ಡದ್ದಕ್ಕಿಂತ ಕಡಲಿನ ಮಕ್ಕಳು ಹೆಚ್ಚು ಸ್ವತಂತ್ರರು, ಹೆಚ್ಚು ಒಂಟಿಗಳು. ಇಷ್ಟು ಬರೆದುಕೊಂಡು, ಒಳ್ಳೆಯ ಹೋಲಿಕೆ ಸಿಕ್ಕಿತೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಅಲ್ಲೇ ಕೆವಿನ್ ಸಿಕ್ಕಿದ್ದು. ಉಡುಪಿ ಕಡೆಯ ಕೊಂಕಣಿ ಮಾತಾಡುವ ಮನೆಯ ಹುಡುಗ. ಅಕ್ಕನ ಮನೆಯಿಂದ ಎರಡು ಬೀದಿ ಆಚೆಗೇ ಮನೆ. ಸಿಗ್ಮಾಕ್ಕೆ ಹೊಸದಾಗಿ ಸೇರಲು ಹೊರಟಿದ್ದ. ತೆಳ್ಳಗೆ, ಉದ್ದಕ್ಕೆ, ನಕ್ಕರೆ ಒಸಡು ಕಾಣುವ ಹುಡುಗ.

"ಆಂಟಿ, ನಿಮ್ಮ ಅಪೂರ್ವಾಗೆ ಹೇಳಿ, ಈ ಸಲ ಸಿಗ್ಮಾ ಗೆಲ್ಲುದೇ. ಥೀಟಾದವರು ಬರೀ ಬಸ್ಸಲ್ಲಿ ಕೂರ್ಲಿಕ್ಕೆ ಲಾಯ್ಕ್."

"ಕೂರೋದ್ರಾಗಽ ನಿಮ್ಮನ್ನ ಸೋಲಸ್ತೀವಿ ನೋಡ್ತಿರು," ಅಂದಳು ಅಪೂರ್ವಾ.

ಕೂರುವುದರಲ್ಲಿ ಸೋಲಿಸುವುದೆಂದರೇನೆಂದು ನಾನು ಕೇಳಲಿಲ್ಲ. ಅದು ತಮಾಷೆ ಎಂದುಕೊಂಡೆ.

ಅಲ್ ಖೌದ್, ಬಾಡಿಗೆ ಫ್ಲ್ಯಾಟು

ಅಲ್ ಖೌದ್ ಅಂದರೆ ನಮ್ಮ ಧಾರವಾಡದ ಸಪ್ತಾಪುರ ಬಡಾವಣೆ ಎಂದುಕೊಳ್ಳಿ. ಓದುವ ಮಕ್ಕಳು, ಅವರ ಬಾಡಿಗೆ ರೂಮು, ಝೆರಾಕ್ಸ್ ಅಂಗಡಿ, ಊಟದ ಹೋಟೆಲು. ಥೀಟಾದ ಹಿರಿಯ ನಿಖಿಲ್ ಅಲ್ಲಿ ಫ್ಲ್ಯಾಟು ಹಿಡಿದಿದ್ದ. ಹೊಸಬರಿಗೆ ಸ್ವಾಗತವೆಂದು ಒಂದು ಸಂಜೆ ಪಾರ್ಟಿ. ಅಕ್ಕ ಕಳಿಸಲು ತಯಾರಿರಲಿಲ್ಲ.

"ನಿನ್ನ ಮೌಶಿ ಬಂದ್ರ ಹೋಗು, ಇಲ್ಲಂದ್ರ ಇಲ್ಲ."

ಹೀಗೆ ನಾನು ಕಾವಲುಗಾತಿಯಾಗಿ ಗ್ರೀಕರ ಮನೆ ಹೊಕ್ಕೆ. ಹೊರಗೆ ಹೆಂಚು ಕಾದಂಥ ಬಿಸಿಲು. ಒಳಗೆ ಏಸಿಯ ಚಳಿಯಲ್ಲಿ ಉಣ್ಣೆಯ ಜಾಕೀಟು ಹಾಕಿಕೊಂಡ ಹುಡುಗರು, ಎದೆಯ ಮೇಲೆ ಥೀಟಾ. ಅಮೆರಿಕದಲ್ಲಿ ಹಾಗೇ ಹಾಕುತ್ತಾರಂತೆ. ಗಾಜಿನ ಲೋಟದಲ್ಲಿ ದ್ರಾಕ್ಷಿರಸ ಹಿಡಿದು, ಅದನ್ನು ಇನ್ನೇನೋ ಎಂಬಂತೆ ಗುಟುಕರಿಸುತ್ತಿದ್ದರು. ನನಗೆ ನಗು, ಸ್ವಲ್ಪ ಮರುಕ ಕೂಡ. ಇನ್ನೊಬ್ಬರ ಊರಿನ ಚಳಿಯನ್ನು ಏಸಿ ಹಾಕಿ ತಂದುಕೊಂಡು ಆಡುತ್ತಿದ್ದ ಮಕ್ಕಳು.

ನಿಖಿಲ್ ನನ್ನನ್ನು ಬಹಳ ಮರ್ಯಾದೆಯಿಂದ ಕೂರಿಸಿದ. "ಆಂಟಿ, ವಿ ಆರ್ ಎ ಫ್ಯಾಮಿಲಿ," ಎಂದ. ಶುಕ್ರವಾರ ವಾರದ ರಜೆ, ಸುವೈಕ್ ಊರಿನ ಕಡೆ ಎರಡೂ ಕೂಟಗಳ ಜಂಟಿ ಪಿಕ್ನಿಕ್ ಇದೆ, ನೀವೂ ಬನ್ನಿ ಎಂದ. ಅಕ್ಕ ಚಪಾತಿ, ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ವಾದಿ

ಒಮಾನಿನಲ್ಲಿ ಹಳ್ಳಕ್ಕೆ ವಾದಿ ಅನ್ನುತ್ತಾರೆ. ವರ್ಷದ ಹೆಚ್ಚು ದಿನ ಒಣಗಿ, ಬರೀ ದುಂಡುಕಲ್ಲು ಹಾಸಿಕೊಂಡು ಬಿದ್ದಿರುತ್ತದೆ. ನಾವು ಹೋದದ್ದು ಅಂಥದ್ದಕ್ಕೆ. ಎರಡೂ ಕಡೆ ಕಡಿದಾದ ಗುಡ್ಡ, ನಡುವೆ ಅಗಲವಾದ ಕಲ್ಲಿನ ಪಾತ್ರ, ಅಲ್ಲಲ್ಲಿ ಮುಳ್ಳುಜಾಲಿ. ಕಾರುಗಳನ್ನು ಮೇಲಿನ ದಾರಿಯಲ್ಲಿ ನಿಲ್ಲಿಸಿದರು. ತಲೆಯ ಮೇಲೆ ಶುಭ್ರ ಆಕಾಶ. ದೂರದ ಗುಡ್ಡಸಾಲಿನ ಮೇಲೆ ಮಾತ್ರ ಇದ್ದಿಲಿನಂಥ ಮೋಡ.

ಊಟವಾಯಿತು. ಆಮೇಲೆ ಫೋನುಗಳು ಚೀಲ ಸೇರಿದವು. ನನ್ನದನ್ನೂ ಕೇಳಿದರು, ಕೊಡಲಿಲ್ಲ. ಕೊಟ್ಟಿದ್ದರೂ ಒಂದೇ, ಅದರಲ್ಲಿ ಆ ದೇಶದ ಸಿಮ್ ಇರಲಿಲ್ಲ.

ಆಗ ಗೊತ್ತಾಯಿತು ಕೂರುವ ಸ್ಪರ್ಧೆ ಏನೆಂದು. ಹಳ್ಳದ ನಡುವೆ ಎರಡು ದೊಡ್ಡ ಬಂಡೆ. ಒಂದರ ಮೇಲೆ ಥೀಟಾದ ಹೊಸಬರು, ಸ್ವಲ್ಪ ಕೆಳಗಿನದರ ಮೇಲೆ ಸಿಗ್ಮಾದವರು. ಎಲ್ಲರ ಕಣ್ಣಿಗೂ ಬಟ್ಟೆ. ಎದುರು ಪಾಳೆಯದ ಹಿರಿಯರು ದಂಡೆಯ ಮೇಲೆ ನಿಂತು ಏನು ಬೇಕಾದರೂ ಕೂಗಬಹುದು. ಹಾವು ಅನ್ನಬಹುದು, ಪೊಲೀಸು ಅನ್ನಬಹುದು, ನಿಮ್ಮಪ್ಪ ಬಂದ ಅನ್ನಬಹುದು. ನಂಬಿ ಎದ್ದವನು ಸೋತ. ಕೊನೆಯವರೆಗೆ ಕೂತವನು ತನ್ನ ಕೂಟವನ್ನು ಗೆಲ್ಲಿಸಿದ. ಅಣ್ಣತಮ್ಮಂದಿರನ್ನು ಬಿಟ್ಟು ಯಾರನ್ನೂ ನಂಬಬಾರದು, ಇದೇ ಪಾಠವಂತೆ. ಈ ಪಾಠವನ್ನು ಯಾವ ಮೂರ್ಖ ಬರೆದನೋ, ನನಗೆ ಸಿಕ್ಕರೆ ಬಿಡುವುದಿಲ್ಲ.

ದಂಡೆಯ ಮೇಲೆ ಕೇಕೆ ಶುರುವಾಯಿತು. "ಸ್ನೇಕ್! ಸ್ನೇಕ್!" "ಪೊಲೀಸ್, ಯಲ್ಲಾ ಯಲ್ಲಾ!" ಒಬ್ಬ ಹುಡುಗ, "ವಾಟರ್! ವಾದಿ ಈಸ್ ಕಮಿಂಗ್, ರನ್!" ಎಂದು ಇಂಗ್ಲಿಷಿನಲ್ಲಿ ಕಿರುಚಿ ಬಿದ್ದು ಬಿದ್ದು ನಕ್ಕ. ಬಂಡೆಯ ಮೇಲಿನ ಮಕ್ಕಳೂ ನಕ್ಕರು. ಯಾರೂ ಏಳಲಿಲ್ಲ.

ನಾನು ಕಾರಿನಿಂದ ಇಳಿದು ದಂಡೆಗೆ ಬಂದಿದ್ದೆ. ಗಾಳಿ ಒಮ್ಮೆಲೇ ತಣ್ಣಗಾಯಿತು. ಹಸಿಮಣ್ಣಿನ ವಾಸನೆ. ಆ ವಾಸನೆ ನನಗೆ ಗೊತ್ತು. ನಮ್ಮೂರಿನ ಬೆಣ್ಣಿಹಳ್ಳ ಹೀಗೇ ಬರುತ್ತದೆ. ಮಳೆ ಆದದ್ದು ಮೇಲೆಲ್ಲೋ ಹುಬ್ಬಳ್ಳಿ ಕಡೆ, ನಮ್ಮಲ್ಲಿ ಸುಡುಬಿಸಿಲು, ಹೊಲದಲ್ಲಿದ್ದವರು ನೋಡನೋಡುತ್ತಿದ್ದಂತೆ ಕೆಂಪುನೀರು ಎದ್ದು ಬರುತ್ತದೆ. ಮೊದಲು ವಾಸನೆ, ಆಮೇಲೆ ಸದ್ದು. ಟಿಪ್ಪರಿನಿಂದ ಜಲ್ಲಿಕಲ್ಲು ಸುರಿದಂಥ ಸದ್ದು. ಆ ಸದ್ದು ತಿರುವಿನ ಆಚೆಯಿಂದ ಬರುತ್ತಿತ್ತು.

"ಎಬ್ಬಿಸು ಅವರನ್ನ! ನೀರು ಬರ್ತಾ ಇದೆ!" ಎಂದು ನಿಖಿಲನ ತೋಳು ಹಿಡಿದು ಹಿಂದಿಯಲ್ಲಿ ಕೂಗಿದೆ. ಅವನು ಆಕಾಶ ನೋಡಿದ. ನಕ್ಕ. "ಸೂಪರ್ ಆಂಟಿ! ನೀವೂ ಆಡ್ತೀರಾ? ಆದರೆ ನೀವು ಸಿಗ್ಮಾದವರಿಗೆ ಕೂಗಬೇಕು."

ನಾನು ಹಳ್ಳಕ್ಕೆ ಇಳಿದು ಬಂಡೆಯ ಕಡೆ ಓಡಿದೆ. ಓಡುತ್ತ ಇಂಗ್ಲಿಷಿನಲ್ಲೇ ಕೂಗಿದೆನೆಂದು ಕಾಣುತ್ತದೆ, ಮಕ್ಕಳು ಇನ್ನೂ ಜೋರಾಗಿ ನಕ್ಕರು. ಆಮೇಲೆ ನನ್ನ ಬಾಯಿಂದ ಬಂದದ್ದು ನವಲಗುಂದದ ಮಾತು.

"ಅಪ್ಪೀ! ನಿಮ್ಮವ್ವನ ಆಣಿ, ಹಳ್ಳ ಬಂತು! ಏಳು, ಎದ್ದು ಓಡು!"

ಅಪೂರ್ವಾ ಒಂದೇ ಏಟಿಗೆ ಕಣ್ಣಿನ ಬಟ್ಟೆ ಕಿತ್ತಳು. ಆಮೇಲೆ ನಾನು ಕೇಳಿದಾಗ ಹೇಳಿದಳು: ಅವ್ವನ ಆಣೆ ಹಾಕಿ ನಾನು ಸುಳ್ಳು ಹೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ಪಕ್ಕದವರ ಬಟ್ಟೆಗಳನ್ನು ಕಿತ್ತಳು, ಕೂದಲು ಹಿಡಿದು ಎಳೆದಳು. ಥೀಟಾದವರು ಎದ್ದು ದಂಡೆಯ ಕಡೆ ಬಿದ್ದು ಎದ್ದು ಓಡಿದರು, ನಾನೂ ಅವರ ಹಿಂದೆ. ಅಷ್ಟರಲ್ಲಿ ತಿರುವಿನಲ್ಲಿ ನೀರು ಕಾಣಿಸಿತು. ನೀರೆಂದರೆ ನೀರಲ್ಲ. ಕಂದು ಗೋಡೆ. ಮುಂದೆ ನೊರೆ, ಖರ್ಜೂರದ ಒಣಗರಿ, ಪ್ಲಾಸ್ಟಿಕ್ ಬಾಟಲಿ, ಯಾರದೋ ಬೇಲಿಯ ತಂತಿ.

ಕೆಳಗಿನ ಬಂಡೆಯ ಸಿಗ್ಮಾದವರು ಕಾಲಿಗೆ ತಣ್ಣಗೆ ತಾಗಿದಾಗ ಎದ್ದು ದಂಡೆಗೆ ಓಡಿದರು. ಕೆವಿನ್ ಏಳಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕೈಗಳನ್ನು ಮಂಡಿಯ ಮೇಲಿಟ್ಟು ಕೂತೇ ಇದ್ದ. ಆ ಭಂಗಿ ನನಗೆ ಈಗಲೂ ಕಾಣುತ್ತದೆ. ಆಮೇಲೆ ಬಂಡೆ ಇರಲಿಲ್ಲ, ಅವನೂ ಇರಲಿಲ್ಲ.

ಕೆಳಗೆ ಜಾಲಿಯ ಕೊಂಬೆಗೆ ಸಿಕ್ಕಿಕೊಂಡಿದ್ದ. ಕೂಗು ಕೇಳಿ ಹತ್ತಿರದ ಊರಿನವರು ಪಿಕಪ್ಪಿನಲ್ಲಿ ಹಗ್ಗ ತಂದರು. ಅವರೇ ಕರೆದ ಸರ್ಕಾರದ ರಕ್ಷಣಾ ತಂಡವೂ ಬಂತು. ಎಳೆದು ದಡಕ್ಕೆ ಹಾಕಿದಾಗ ತೊಡೆಯ ಎಲುಬು ಮುರಿದಿತ್ತು, ಮುಳ್ಳು ತರಚಿ ಮುಖ ಗುರುತು ಸಿಗುತ್ತಿರಲಿಲ್ಲ. ಉಸಿರಿತ್ತು.

ಯಾರೋ ಆಂಬುಲೆನ್ಸಿಗೆ ಫೋನು ಮಾಡಲು ಡಿಕ್ಕಿ ತೆಗೆದರು. ಅಕ್ಕಿಚೀಲ ಒಳಗೇ ಗುಂಯ್‌ಗುಡುತ್ತಿತ್ತು. ಪ್ರತಿ ಫೋನಿನಲ್ಲೂ ಒಂದೇ ಸಂದೇಶ: ಗುಡ್ಡದಲ್ಲಿ ಭಾರೀ ಮಳೆ, ವಾದಿಗಳಿಂದ ದೂರವಿರಿ.

ಅಲ್ ಅಜೈಬಾ, ಮತ್ತೆ

ಮನೆ ತಲುಪುವ ಮೊದಲೇ ಕಥೆ ತಯಾರಾಗಿತ್ತು. ನಿಖಿಲನೂ ಸಿಗ್ಮಾದ ಹಿರಿಯರೂ ಅಷ್ಟು ದಿನದ ಹಗೆ ಮರೆತು ಒಂದೇ ಕಾರಿನಲ್ಲಿ ಕೂತು ಮಾತಾಡಿಕೊಂಡರು. ಸ್ಪರ್ಧೆ ಇರಲಿಲ್ಲ, ಕಣ್ಣಿಗೆ ಬಟ್ಟೆ ಇರಲಿಲ್ಲ. ಸ್ನೇಹಿತರ ಪಿಕ್ನಿಕ್. ಕೆವಿನ್ ಸೆಲ್ಫಿ ತೆಗೆಯಲು ನೀರಿಗೆ ಇಳಿದ. ಹೊಸಬರೆಲ್ಲ ಆಣೆಗೆ ಬದ್ಧರು, ಹಾಗೇ ಹೇಳಬೇಕು.

ಈ ಕಥೆಯನ್ನು ಅಕ್ಕನ ಊಟದ ಮನೆಯಲ್ಲಿ ಅಪೂರ್ವಾ ತಲೆ ತಗ್ಗಿಸಿ ಒಪ್ಪಿಸಿದಳು. ನಾನು ನಿಜ ಹೇಳಿದೆ. ಅಕ್ಕ ಅಳತೊಡಗಿದಳು. ಭಾವ ಎದ್ದು ಕಿಟಕಿ ಮುಚ್ಚಿದರು, ಅದು ಮೊದಲೇ ಮುಚ್ಚಿತ್ತು.

"ವಾಣಿ, ನೀ ಸುಮ್ಮನಿರವಾ," ಎಂದರು ನನಗೆ. "ಪರವಾನಗಿ ಇಲ್ಲದ ಸಂಘ ಅಂದ್ರ ಇಲ್ಲಿ ಆಟ ಅಲ್ಲ. ಕೇಸ್ ಆತಂದ್ರ ನನಗ ವೀಸಾ ಕೊಡಿಸಿದ ಕಫೀಲ್ ಅದನ್ನ ರದ್ದು ಮಾಡಸ್ತಾನ. ಖಲಾಸ್. ಇಪ್ಪತ್ತು ವರ್ಷದ ಸಂಸಾರ ಗಂಟು ಕಟ್ಟಬೇಕು."

"ಆ ಹುಡುಗನ ಮ್ಯಾಲ ಹಾಕಿ?"

"ಜೀವ ಉಳದದಲ್ಲ!"

"ಭಾವ, ಅವ ಮೂರ್ಖತನದಿಂದ ನೀರಿಗಿಳದ ಅಂತ ಅವರವ್ವ ಜೀವಮಾನ ಪೂರ್ತಿ ನಂಬಿರಬೇಕೇನು?"

"ನಿನಗೇನು, ನೀ ವಿಮಾನ ಹತ್ತಿ ಹೋಗ್ತಿ," ಎಂದಳು ಅಕ್ಕ. ಹುಟ್ಟಿದಂದಿನಿಂದ ಅಕ್ಕ ನನಗೆ ಅಂಥ ಮಾತು ಆಡಿರಲಿಲ್ಲ. ನನಗೂ ಸಿಟ್ಟು ನೆತ್ತಿಗೇರಿ, ನಿನ್ನ ಮಗಳು ಆ ಬಂಡೆಯ ಮೇಲೆ ಇನ್ನೊಂದು ನಿಮಿಷ ಕೂತಿದ್ದರೆ ಏನು ಗಂಟು ಕಟ್ಟುತ್ತಿದ್ದೆ ಎಂದುಬಿಟ್ಟೆ. ಅವಳು ಸೆರಗು ಬಾಯಿಗೆ ತುರುಕಿಕೊಂಡಳು.

ಎರಡು ಆಫೀಸು

ಎರಡೂ ಯೂನಿವರ್ಸಿಟಿಗಳಿಗೆ ಒಬ್ಬಳೇ ಟ್ಯಾಕ್ಸಿ ಮಾಡಿಕೊಂಡು ಹೋದೆ. ಗುಡ್ಡದ ಆಫೀಸಿನಲ್ಲಿ ಲೋಬಾನದ ಪರಿಮಳ, ಎದುರಿಗೆ ಮೃದುವಾಗಿ ಮಾತಾಡುವ ಮಹಿಳೆ. ಎಲ್ಲ ಕೇಳಿ, ಗೋಡೆಗಳ ಕಡೆ ಕೈ ತೋರಿಸಿದರು. "ಮೇಡಂ, ಇಲ್ಲಿ ಎಲ್ಲಾದರೂ ಗ್ರೀಕ್ ಅಕ್ಷರ ಕಾಣುತ್ತದೆಯೇ? ನಮ್ಮಲ್ಲಿ ಅಂಥದ್ದು ಇಲ್ಲ. ಕಡಲಿನವರಲ್ಲಿ ಇದೆಯೆಂದು ಕೇಳಿದ್ದೇವೆ."

ಕಡಲಿನ ಆಫೀಸಿನಲ್ಲಿ ಕಾಫಿ ಕೊಟ್ಟರು. ಆ ಅಧಿಕಾರಿ ನನ್ನದು ಯಾವ ವೀಸಾ ಎಂದು ಮೊದಲು ಕೇಳಿಕೊಂಡ. "ರಜಾದಿನ, ಕ್ಯಾಂಪಸ್ಸಿನ ಹೊರಗೆ. ಆ ಬಂಡೆ ನಮ್ಮದಲ್ಲವಲ್ಲ ಮೇಡಂ? ಇದೆಲ್ಲ ಗುಡ್ಡದವರು ಶುರು ಮಾಡಿದ್ದು." ಅವನ ಕಾಫಿ ಬಟ್ಟಲನ್ನು ಅಲುಗಾಡಿಸಲೂ ಇಲ್ಲ, ಹಾಗೇ ಮೇಜಿನ ಮೇಲೆ ಕುಕ್ಕಿ ಎದ್ದು ಬಂದೆ.

ಬಸ್ಸು, ಕಾರು, ಎರಡು ಬಾಗಿಲು, ಹಾರ್ನು, ಕರಕ್. ಎಷ್ಟು ಕಷ್ಟಪಟ್ಟು ವ್ಯತ್ಯಾಸ ಹುಡುಕಿದ್ದೆ! ಒಬ್ಬ ಹುಡುಗನ ಕಾಲು ಮುರಿದಾಗ ಎರಡರ ಬಾಯಲ್ಲೂ ಒಂದೇ ವಾಕ್ಯ ಬಂತು.

ಆಸ್ಪತ್ರೆ

ಅಪೂರ್ವಾಳನ್ನು ಕರೆದುಕೊಂಡು ಹೋದೆ. ಕೆವಿನ್‌ನ ತಾಯಿ ಐರಿನ್ ವಾರ್ಡಿನ ಹೊರಗೆ ಬೆಂಚಿನ ಮೇಲಿದ್ದರು. ಯಾವುದೋ ಆಫೀಸಿನಲ್ಲಿ ರಿಸೆಪ್ಷನಿಸ್ಟ್ ಕೆಲಸ, ಯೂನಿಫಾರ್ಮಿನಲ್ಲೇ ಬಂದಿದ್ದರು.

"ಸಾಯ್ಲಿಕ್ಕೆ ಹೋದದ್ದಾ ಇವ, ಫೋಟೋ ತೆಗೀಲಿಕ್ಕೆ ಹೋದದ್ದಾ?" ಎಂದರು, ನಾವು ಯಾರೆಂದು ಹೇಳಿದ ಕೂಡಲೇ. "ಮಂಡೆ ಸಮ ಇಲ್ಲ ಇವನಿಗೆ. ನಿನ್ನೆ ಎಚ್ಚರ ಆದ ಕೂಡಲೇ ಕೆನ್ನೆಗೆ ಕೊಡುವಾ ಅಂತ ಆಯ್ತು ನನಗೆ. ಬಾಯಿಗೆ ಬಂದ ಹಾಗೆ ಬೈದೆ."

ನಾನು ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ. ಅವರು ನನ್ನನ್ನು ನೋಡುತ್ತ ಕೇಳಿದರು. ಆಮೇಲೆ ಅಪೂರ್ವಾಳ ಕಡೆ ತಿರುಗಿದರು.

"ಹೌದಾ ಮಗಾ?"

ಅಪೂರ್ವಾ ತನ್ನ ಚಪ್ಪಲಿ ನೋಡಿದಳು. "ನನಗೆ ಗೊತ್ತಿಲ್ಲ ಆಂಟಿ. ನಾವು ಮೇಲೆ ಇದ್ದೆವು."

ಐರಿನ್ ಮುಖ ಗಟ್ಟಿಯಾಯಿತು. "ನೋಡಿ, ಬಾಕಿ ಮಕ್ಕಳೆಲ್ಲ ಸೆಲ್ಫಿ ಅಂತಾರೆ. ಇವನೂ ಅದನ್ನೇ ಹೇಳುದು. ನೀವೊಬ್ಬರು ಊರಿಂದ ಬಂದು ಕತೆ ಕಟ್ಟುದು ಯಾಕೆ? ನಮ್ಮ ಹುಡುಗನನ್ನು ಕೇಸಿಗೆ ಸಿಕ್ಕಿಸ್ಲಿಕ್ಕಾ? ಹೋಗಿ ನೀವು."

ಹೌದು, ಕೆವಿನ್ ಕೂಡ ಅದನ್ನೇ ಹೇಳಿದ್ದ. ಎಲುಬಿಗೆ ಸರಳು ಹಾಕಿಸಿಕೊಂಡು, ತಾಯಿಯ ಬೈಗುಳ ತಿಂದುಕೊಂಡು, ಆಣೆ ಉಳಿಸಿಕೊಂಡಿದ್ದ. ಅದಕ್ಕೆ ಸಿಗ್ಮಾದವರು ತಮ್ಮ ಗುಂಪಿನಲ್ಲಿ ಅವನ ಫೋಟೋ ಹಾಕಿ, ನಿಜವಾದ ಸಹೋದರ, ಕೊನೆಯವರೆಗೂ ಏಳಲಿಲ್ಲ, ಈ ಸಲ ಸಿಗ್ಮಾ ಗೆದ್ದಿತು ಎಂದು ಬರೆದುಕೊಂಡಿದ್ದರು. ಅಪೂರ್ವಾ ಲಿಫ್ಟಿನಲ್ಲಿ ಅದನ್ನು ನನಗೆ ತೋರಿಸಿದಳು. ಕೆಳಗೆ ಥೀಟಾದವರು ಅಭಿನಂದನೆ ಹೇಳಿದ್ದರು. ಚಪ್ಪಾಳೆಯ ಚಿತ್ರ ಹಾಕಿ.

"ಇವರಽ ಏನು ನಿನ್ನ ಫಾರೆವರ್?" ಎಂದೆ.

ಅವಳು ಫೋನು ಕಸಿದುಕೊಂಡು ಲಿಫ್ಟಿನಿಂದ ಇಳಿದು ಹೋದಳು. ನನ್ನನ್ನು ಕಳಿಸಲು ವಿಮಾನ ನಿಲ್ದಾಣಕ್ಕೂ ಬರಲಿಲ್ಲ.

ಧಾರವಾಡ

ವಾಪಸು ಬಂದ ಮೇಲೆ ನಿದ್ದೆ ಹತ್ತಿರ ಸುಳಿಯಲಿಲ್ಲ. ಕಣ್ಣು ಮುಚ್ಚಿದರೆ ನೆಟ್ಟಗೆ ಬೆನ್ನು ಮಾಡಿ ಕೂತ ಹುಡುಗ. ಪಕ್ಕದಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು, ಜಲ್ಲಿ ಸುರಿದ ಸದ್ದಿಗೆ ಅಡಿಗೆಮನೆಯಿಂದ ಓಡಿ ಅಂಗಳಕ್ಕೆ ಬಂದು ನಿಂತಿರುತ್ತಿದ್ದೆ, ಕೈಯಲ್ಲಿ ಸೌಟು. ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆ ತಿಂದರೆ ನಿದ್ದೆ ಬರುತ್ತಿತ್ತು, ನಡುವೆ ನಾನೇ ಕೂಗಿದ ಧ್ವನಿಗೆ ಎಚ್ಚರವಾಗುತ್ತಿತ್ತು.

ಕಾಲೇಜಿನಲ್ಲಿ ಫೈನಲ್ ಇಯರಿನವರು ಫಸ್ಟ್ ಇಯರಿನವರನ್ನು ಕಟ್ಟೆಯ ಮೇಲೆ ನಿಲ್ಲಿಸಿ ಹಾಡು ಹೇಳಿಸುತ್ತಿದ್ದರು. ಪ್ರತಿ ವರ್ಷ ನಡೆಯುವಂಥದ್ದೇ. ಹೋಗಿ ಕಟ್ಟೆಯಿಂದ ಒಬ್ಬೊಬ್ಬರನ್ನೂ ಕೈ ಹಿಡಿದು ಇಳಿಸಿದೆ. "ಮೇಡಂ, ಬರೀ ಹಾಡ್ರೀ," ಅಂದ ಒಬ್ಬ. "ಬರೀ ಕೂಡೂದಿತ್ತಪಾ ಅಲ್ಲೂ," ಎಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ. ಮೇಡಂಗೆ ಆರಾಮಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡರು. ಆಡಿಕೊಳ್ಳಲಿ.

ಅಕ್ಕನ ಜೊತೆ ಮಾತು ನಿಂತಿತ್ತು. ಅಪೂರ್ವಾ ಸಂದೇಶಕ್ಕೆ ಉತ್ತರಿಸುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ, ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ವಾಣಿ ಅವರಾ? ನಾನು ಐರಿನ್. ಕೆವಿನ್‌ನ ಮಮ್ಮಿ."

ನಾನು ನಿಂತಲ್ಲೇ ಕೂತೆ.

"ಅವತ್ತು ನಿಮಗೆ ಎಂತೆಂತದೋ ಹೇಳಿದೆ ನಾನು. ಮನಸ್ಸಿಗೆ ಇಟ್ಟುಕೊಳ್ಳಬೇಡಿ ಆಯ್ತಾ? ನಿಮ್ಮ ಹುಡುಗಿ ಬಂದಿದ್ದಳು. ಅವಳ ಅಪ್ಪನೂ. ಇವನ ಹಾಸಿಗೆ ಎದುರಲ್ಲೇ ನಿಂತು ಎಲ್ಲ ಹೇಳಿದಳು. ಬಟ್ಟೆ ಕಟ್ಟಿದ್ದು, ಬಂಡೆ, 'ನೀರು ಬಂತು' ಅಂತ ಮೊದಲೇ ಸುಳ್ಳು ಕೂಗಿದ್ದು, ಎಲ್ಲ. ಇವ ಎಂತ ಮಾಡಿದ ಗೊತ್ತುಂಟಾ? ಗೋಡೆ ಕಡೆ ತಿರುಗಿದ. 'ಗೆಟ್ ಔಟ್' ಅಂದ ಅವಳಿಗೆ. ಅವಳು ಹೋಗ್ಲಿಲ್ಲ, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅವಳಪ್ಪ ಹೇಳಿದ್ರು, ಏಳಮ್ಮ ಹೋಗುವಾ ಅಂತ. ಇಲ್ಲ ಪಪ್ಪಾ, ಅವನು ಮಮ್ಮಿಗೆ ಹೇಳುವ ತನಕ ನಾನು ಏಳುದಿಲ್ಲ ಅಂದಳು."

ಭಾವ. ಕಿಟಕಿ ಮುಚ್ಚಿದ ಭಾವ. ಅವರೇ ಕಾರು ಓಡಿಸಿಕೊಂಡು ಹೋಗಿದ್ದರು.

"ಮತ್ತೆ ನಾನು ಕೇಳಿದೆ ಇವನಿಗೆ. ಹೌದಾ ಪುತಾ, ಅಂತ. ಆಗ ಅತ್ತ. ಅಷ್ಟು ದಿನ ಅಳ್ಲಿಲ್ಲ ಅವ, ಎಲುಬಿಗೆ ಸರಳು ಹಾಕುವಾಗಲೂ ಅಳ್ಲಿಲ್ಲ. 'ಮಮ್ಮಿ, ನೀರಿನ ಶಬ್ದ ನನಗೆ ಕೇಳಿತ್ತು,' ಅಂದ. ಕೇಳಿತ್ತಂತೆ ವಾಣಿ. ಎಲ್ಲ ಕೇಳಿತ್ತಂತೆ. ಎದ್ದರೆ ಯಾರೂ ಇರುದಿಲ್ಲ ತನಗೆ ಅಂತ ಕೂತದ್ದಂತೆ."

ನಾನು ಹೂಂ ಎಂದೆ.

"ನಾಳೆ ನಾವು ಎಲ್ಲ ಸೇರಿ ಪೊಲೀಸಿಗೆ ಹೋಗ್ತೇವೆ, ಹೇಳ್ಲಿಕ್ಕೆ. ಗಿರಿಜಾ ಅವರೂ ಬರ್ತಾರಂತೆ. ಆದದ್ದು ಆಗ್ಲಿ. ನೀವು ಅಲ್ಲಿಂದ ನಿಮ್ಮದು ಬರೆದು ಕಳಿಸ್ತೀರಾ?"

"ಈಗಽ ಬರೀತೀನಿ," ಎಂದೆ.

ಬರೆದು ಕಳಿಸುವಾಗ ಸಂಜೆಯಾಗಿತ್ತು. ಮುಂದೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಭಾವನ ವೀಸಾ ಉಳಿಯುತ್ತದೋ ಇಲ್ಲವೋ, ನಿಖಿಲನಂಥವರಿಗೆ ಏನಾಗುತ್ತದೋ. ಎರಡೂ ಯೂನಿವರ್ಸಿಟಿಗಳ ಗೋಡೆಗಳು ಇವತ್ತಿಗೂ ಬಿಳಿಯಾಗೇ ಇವೆ, ಅವುಗಳ ಮೇಲೆ ನನಗಿರುವ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ.

ಅಕ್ಕನಿಗೆ ಫೋನು ಮಾಡಿದೆ. ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಏನು ಅಡಿಗೆ ಎಂದು ಕೇಳಿದಳು, ಅನ್ನ ಸಾರು ಎಂದೆ. ಉಂಡು ಮಲಗಿದೆ. ಗುಳಿಗೆ ತೆಗೆದುಕೊಳ್ಳುವುದು ಮರೆತೇಹೋಗಿತ್ತು. ಸೋಮವಾರ ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದು ಬಡಿದು, ಅಕ್ಕೋರು ಊರಾಗ ಇಲ್ಲೇನ್ರೀ ಎಂದು ಎದುರುಮನೆಯವರನ್ನು ಕೇಳುತ್ತಿದ್ದಾಗ ನನಗೆ ಎಚ್ಚರವಾಯಿತು.